ಕಾಂಗರೂ ಬೇಡ, ಬಾಳೆಹಣ್ಣೇ ಸಾಕು ಅನ್ನುವವರಿಗೆ

ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಕೆಲಸಕ್ಕೆ ಹೊರಟಿದ್ದೀರಿ, ಕಾಂಗರೂ, ಮೊಸಳೆಯಂಥ ‘ವಿಚಿತ್ರ ಮಾಂಸ’ ಅಂದ್ರೆ ಹೊಟ್ಟೆ ತೊಳಸುತ್ತದೆ, ಬಾಳೆಹಣ್ಣು ತಿಂದುಕೊಂಡು ಸುಧಾರಿಸಬಹುದಾ ಅಂತ ಕೇಳಿದ್ದೀರಿ. ಉಪ್ಪಳದವರು ಅಂತ ಬೇರೆ ಬರೆದಿದ್ದೀರಿ. ನಾನೂ ಅದೇ ಕಾಸರಗೋಡು ಕಡೆಯವನು, ಬದಿಯಡ್ಕದ ಹತ್ತಿರ. ಇದೇ ಲೆಕ್ಕ ಹಾಕಿಕೊಂಡು 2011ರಲ್ಲಿ ಅದೇ ಊರಿಗೆ ಹೋದವನು.

ನಮ್ಮದು ಅಡಿಕೆ ತೋಟ, ನಡುನಡುವೆ ಬಾಳೆ. ಕದಳಿಯೋ ನೇಂದ್ರವೋ ಮೈಸೂರೋ, ಒಂದಲ್ಲ ಒಂದು ಗೊನೆ ಜಗಲಿಯ ಹಗ್ಗದಲ್ಲಿ ತೂಗುತ್ತಲೇ ಇರುತ್ತಿತ್ತು. ಬಾಳೆಹಣ್ಣನ್ನು ದುಡ್ಡು ಕೊಟ್ಟು ತರುವ ಅಭ್ಯಾಸವೇ ಇಲ್ಲ. ಹೊರಡುವಾಗ ಅಮ್ಮ, “ಏನೂ ಸಿಗದಿದ್ರೆ ಬಾಳೆಹಣ್ಣಾದ್ರೂ ಸಿಗ್ತದಲ್ಲ ಮಗಾ” ಅಂದಿದ್ದರು.

ಸಿಕ್ಕಿತು, ಕಿಲೋಗೆ 12 ಡಾಲರ್ ಮೇಲೆ! ಆ ವರ್ಷ ಫೆಬ್ರವರಿ 3ರ ನಸುಕಿನಲ್ಲಿ ಯಾಸಿ ಚಂಡಮಾರುತ ಅದೇ ರಾಜ್ಯದ ಉತ್ತರಕ್ಕೆ, ಅಂದರೆ ಉತ್ತರ ಕ್ವೀನ್ಸ್‌ಲ್ಯಾಂಡ್‌ಗೆ ಬಡಿದಿತ್ತು. ಟಲ್ಲಿ, ಇನ್ನಿಸ್‌ಫೇಲ್ ಕಡೆಯ ಬಾಳೆ ತೋಟಗಳು ನೆಲಕ್ಕೆ ಮಲಗಿದ್ದವು. ಆ ದೇಶದ ಬಾಳೆಯ ಬಹುಪಾಲು ಬರುವುದು ಅಲ್ಲಿಂದಲೇ. 2006ರಲ್ಲಿ ಲ್ಯಾರಿ ಅನ್ನುವ ಚಂಡಮಾರುತ ಬಂದಾಗಲೂ ಇದೇ ಕಥೆ. ಹೊರದೇಶದಿಂದ ತರಿಸಿ ಮಾರುವ ಹಾಗೂ ಇಲ್ಲ, ರೋಗ ಬರುತ್ತದೆ ಅಂತ ಗಡಿಯಲ್ಲೇ ತಡೆಯುತ್ತಾರೆ. ಪನಾಮಾ ಸೊರಗು ರೋಗ ಹೊಕ್ಕ ತೋಟವನ್ನು ನಮ್ಮಲ್ಲಿ ಯಾರಾದರೂ ನೋಡಿದ್ದರೆ ಆ ಭಯ ಯಾಕೆ ಅಂತ ಅರ್ಥವಾಗುತ್ತದೆ. ಹೊಸ ಕಂದು ನೆಟ್ಟು ಗೊನೆ ಕಡಿಯುವವರೆಗೆ ರೇಟು ಇಳಿಯುವುದೆಲ್ಲಿ? ಅದೇ ಅಂಗಡಿಯ ಫ್ರಿಜ್ಜಿನಲ್ಲಿ ಕಾಂಗರೂ ಕೈಮಾ ಬಾಳೆಹಣ್ಣಿಗಿಂತ ಅಗ್ಗಕ್ಕೆ ಇತ್ತು.

ಆಫೀಸಿನಲ್ಲಿ ಮಧ್ಯಾಹ್ನ ಬಾಳೆಹಣ್ಣು ಸುಲಿದರೆ ಸಾಕು, ಶುರುವಾಗುತ್ತಿತ್ತು. “ಏನು, ಸಂಬಳ ಜಾಸ್ತಿ ಆಯ್ತಾ?” ಅಂತ ಒಬ್ಬ. “ಸಿಪ್ಪೆಯಾದ್ರೂ ನಮಗೆ ಇಡು” ಅಂತ ಇನ್ನೊಬ್ಬ. ಹೊಸಬನಾಗಿ ಹೋದ ನನಗೆ ಅಲ್ಲಿ ಸ್ನೇಹ ಬೆಳೆದದ್ದೇ ಈ ಬಾಳೆಹಣ್ಣಿನ ಮಾತಿನಿಂದ. ಅಷ್ಟು ಕೊಟ್ಟು ತಂದರೂ ಅದು ಕ್ಯಾವೆಂಡಿಶ್, ನಮ್ಮ ರೋಬಸ್ಟಾದ ಕುಲ. ಕದಳಿ ತಿಂದು ಬೆಳೆದ ನಾಲಿಗೆಗೆ ಅದರಲ್ಲಿ ಏನಿದೆ ಹೇಳಿ.

ಕೊನೆಗೆ ಕಾಂಗರೂ ತಂದೆ. ಅಲ್ಲೇ ನಾನು ತಪ್ಪಿದ್ದು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನಮ್ಮ ಕಡೆಯ ಅಡುಗೆ ಗೊತ್ತಿರುವ ಯಾರಾದರೂ ಮಾಡುವುದು ಇದನ್ನೇ. ಕಡು ಕೆಂಪು ಮಾಂಸ ನೋಡಿ ಆಡಿನ ಮಾಂಸದ ಲೆಕ್ಕ ಹಿಡಿದೆ. ಮೆದು ಭಾಗವನ್ನೇ ತಂದಿದ್ದೆ, ಸಣ್ಣ ತುಂಡು ಮಾಡಿ ಉಪ್ಪು ಅರಿಶಿನ ಹಚ್ಚಿಟ್ಟೆ. ಆಮೇಲೆ ಕುಕ್ಕರಿಗೆ ಹಾಕಿದೆ. ಮುಚ್ಚಳ ತೆಗೆದು ಒತ್ತಿ ನೋಡಿದರೆ ಗಟ್ಟಿ. ಬೆಂದಿಲ್ಲ ಅಂದುಕೊಂಡು ಮತ್ತೆ ವಿಸಿಲ್ ಹಾಕಿಸಿದೆ. ಇನ್ನೂ ಗಟ್ಟಿ. ಮತ್ತೆ ವಿಸಿಲ್. ಅತ್ತ ಬಾಣಲೆಯಲ್ಲಿ ತೆಂಗಿನೆಣ್ಣೆ, ಕರಿಬೇವು, ಹುರಿದ ತೆಂಗಿನಕಾಯಿ, ಅಮ್ಮ ಕೊತ್ತಂಬರಿ, ಬ್ಯಾಡಗಿ ಮೆಣಸು, ಮೆಂತೆ ಹುರಿದು ಪುಡಿ ಮಾಡಿ ಕಟ್ಟಿಕೊಟ್ಟ ಮಸಾಲೆ. ಪರಿಮಳ ಥೇಟ್ ಊರಿನ ಸುಕ್ಕದ್ದೇ. ಮಾಂಸ ಮಾತ್ರ ಹಲ್ಲಿಗೆ ಬಗ್ಗಲಿಲ್ಲ. ಊಟಕ್ಕೆ ಕರೆದವರೆಲ್ಲ ಮಸಾಲೆ ಬಳಿದು ಅನ್ನ ತಿಂದು ಎದ್ದರು.

ಕಾರಣ ಆಮೇಲೆ ತಿಳಿಯಿತು. ಆಡಿನ ಮಾಂಸದ ಎಳೆಗಳ ನಡುವೆ ಕೊಬ್ಬು ಇದೆ, ನಾರು ಇದೆ. ಹೊತ್ತು ಬೆಂದಂತೆ ಅವು ಕರಗಿ ತುಂಡು ಮೆತ್ತಗಾಗುತ್ತದೆ. ಕಾಂಗರೂವಿನ ಮೆದು ಭಾಗದಲ್ಲಿ ಕೊಬ್ಬು ಸುಮಾರು 2 ಶೇಕಡಾ ಅಷ್ಟೇ, ಕರಗುವ ನಾರೂ ತೀರಾ ಕಮ್ಮಿ. ಬಿಸಿ ಹೆಚ್ಚಾದಷ್ಟೂ ನೀರು ಹೊರಗೆ ಹೋಗಿ ಎಳೆ ಬಿಗಿಯುತ್ತದೆ. ಅಂದರೆ ನಾನು ಹಾಕಿಸಿದ ಒಂದೊಂದು ವಿಸಿಲೂ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತಿತ್ತು. ಅಮ್ಮನ ಮಸಾಲೆ ಅರ್ಧ ಖಾಲಿಯಾದದ್ದು ಹೋಗಲಿ. ಕಾಂಗರೂ ಅಂದ್ರೆ ಇಷ್ಟೇ ಅಂತ ತೀರ್ಮಾನಿಸಿ ತಿಂಗಳುಗಟ್ಟಲೆ ಅತ್ತ ತಲೆ ಹಾಕಲಿಲ್ಲ, ನಿಜವಾದ ನಷ್ಟ ಅದು.

ಸಿಪ್ಪೆ ಕೇಳುತ್ತಿದ್ದ ಗೆಳೆಯನೇ ಕೊನೆಗೆ ತನ್ನ ಮನೆಯಲ್ಲಿ ಮಾಡಿ ತೋರಿಸಿದ. ಮಾಂಸದ ನೀರನ್ನು ಒರೆಸಿದ. ಎಣ್ಣೆಯನ್ನು ಕಾವಲಿಗೆ ಹಾಕದೆ ಮಾಂಸಕ್ಕೇ ಸವರಿದ. ಕಾವಲಿ ಹೊಗೆಯಾಡುವಷ್ಟು ಕಾಯಿಸಿ ಒಂದೊಂದು ಮಗ್ಗುಲು ಎರಡು ಮೂರು ನಿಮಿಷ, ಅಷ್ಟೇ. ತೆಗೆದು ಐದು ನಿಮಿಷ ಮುಚ್ಚಿಟ್ಟು ಅಡ್ಡಕ್ಕೆ ಕೊಯ್ದ. ಒಳಗೆ ಕೆಂಪಗೇ ಇತ್ತು. ಬಾಯಿಗಿಟ್ಟರೆ ಬೆಣ್ಣೆ. ಆಮೇಲಿಂದ ನಾನು ಅದಕ್ಕೆ ಕರಿಮೆಣಸು ಕುಟ್ಟಿ ಹಾಕಿ, ತೆಂಗಿನೆಣ್ಣೆಯಲ್ಲಿ ಕರಿಬೇವು ಸಿಡಿಸಿ ಮೇಲೆ ಸುರಿದು ತಿಂದೆ.

ಇನ್ನು ನಿಮ್ಮ ‘ವಿಚಿತ್ರ ಮಾಂಸ’ದ ಮಾತು. ಅದನ್ನು ನಾನು ಒಪ್ಪುವುದಿಲ್ಲ. ಮರುವಾಯಿ (ಚಿಪ್ಪುಮೀನು) ಪುಂಡಿ, ತೊರಕೆ ಮೀನು, ತಾಟೆ (ಶಾರ್ಕ್) ತಿನ್ನುವ ಊರಿನವರು ನಾವು. ಆ ಗೆಳೆಯನಿಗೆ ತಾಟೆ ಅಂದಾಗ ಏನೂ ಅನಿಸಲಿಲ್ಲ, ಅವರೂ ಶಾರ್ಕ್ ಕರಿದು ಫ್ಲೇಕ್ ಅಂತ ತಿನ್ನುತ್ತಾರೆ. ಅವನು ಕಣ್ಣರಳಿಸಿದ್ದು ಬಾಳೆದಿಂಡಿನ ಪಲ್ಯ, ಪೂಂಬೆ (ಬಾಳೆ ಹೂವು) ಚಟ್ನಿ ಅಂದಾಗ. “ಗಿಡವನ್ನೂ ಬಿಡೋದಿಲ್ವಾ ನೀವು?” ಅಂದ. ಹಾಗಂತ ಅಲ್ಲಿನವರೆಲ್ಲ ದಿನಾ ಕಾಂಗರೂ ತಿನ್ನುತ್ತಾರೆ ಅಂದುಕೊಳ್ಳಬೇಡಿ. ದೇಶದ ಲಾಂಛನದಲ್ಲಿರುವ ಪ್ರಾಣಿ ಅಂತ ಮುಟ್ಟದವರು ಬೇಕಾದಷ್ಟು ಜನ. 1993ರವರೆಗೆ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅದನ್ನು ನಾಯಿ ಬೆಕ್ಕಿನ ಆಹಾರಕ್ಕೆ ಮಾತ್ರ ಮಾರುತ್ತಿದ್ದರು. ಬೇಡ ಅಂದರೆ ಯಾರೂ ಒತ್ತಾಯ ಮಾಡುವುದಿಲ್ಲ. ಅನ್ನ, ಮೀನು, ಕೋಳಿ ಎಲ್ಲ ಸಿಗುತ್ತದೆ. ಬಾಳೆಹಣ್ಣಿನ ಮೇಲೆ ಜೀವನ ಯಾಕೆ?

ಮೊಸಳೆಗೆ ನೀವು ಹೆದರಬೇಕಾದ್ದೇ ಇಲ್ಲ. ಸಾಕುವುದು ಮುಖ್ಯವಾಗಿ ತೊಗಲಿಗೆ, ಮಾಂಸ ದುಬಾರಿ. ಬೆಳ್ಳಗೆ, ಕೋಳಿಗೂ ಮೀನಿಗೂ ನಡುವಿನ ರುಚಿ. ಯಾರಾದರೂ ಕೊಟ್ಟರೆ ತಿನ್ನಿ, ನಿಮ್ಮ ದುಡ್ಡು ಹಾಕಬೇಡಿ.

ಬ್ಯಾಗಿನಲ್ಲಿ ಹಸಿ ಹಣ್ಣು ಒಂದೂ ಬೇಡ, ದಾರಿಗೆ ಅಂತ ಇಟ್ಟ ಕದಳಿಯೂ ಬೇಡ. ತಾಜಾ ಹಣ್ಣು ತರುವಂತಿಲ್ಲ, ಹೇಳದೆ ಒಯ್ದು ಸಿಕ್ಕಿಬಿದ್ದರೆ ದಂಡ. ನೇಂದ್ರ ಚಿಪ್ಸ್ ಅಂಗಡಿಯಲ್ಲಿ ಪ್ಯಾಕ್ ಮಾಡಿಸಿದ್ದನ್ನು ಒಯ್ಯಿರಿ. ಇಳಿಯುವಾಗ ತುಂಬುವ ಕಾರ್ಡಿನಲ್ಲಿ ತಿಂಡಿ ಇದೆ ಅಂತ ಗುರುತು ಹಾಕಿ ತೋರಿಸಿ. ಹೇಳಿ ತೋರಿಸಿದವರಿಗೆ ದಂಡ ಇಲ್ಲ, ಬೇಡವಾದದ್ದನ್ನು ತೆಗೆದಿಟ್ಟುಕೊಳ್ಳುತ್ತಾರೆ ಅಷ್ಟೇ.

ಮಸಾಲೆಯನ್ನು ಮೆದು ಭಾಗಕ್ಕೆ ಹಾಳು ಮಾಡಬೇಡಿ. ಸುಕ್ಕ, ಗಸಿ ಮಾಡಲೇಬೇಕು ಅನಿಸಿದರೆ ಕಾಂಗರೂ ಬಾಲ ಕೇಳಿ ತನ್ನಿ. ಅದರಲ್ಲಿ ಮೂಳೆ, ನಾರು ಇರುವುದರಿಂದ ಹೊತ್ತು ಬೆಂದಷ್ಟೂ ಒಳ್ಳೆಯದು, ಕುಕ್ಕರೂ ಆಗುತ್ತದೆ. ತೆಂಗಿನಹಾಲು ಕೊನೆಗೆ ಹಾಕಿ. ಅದಕ್ಕೆ ಅಕ್ಕಿಯ ಗರಿಗರಿ ಕೋರಿ ರೊಟ್ಟಿ ಚೆನ್ನಾಗಿ ಹೊಂದುತ್ತದೆ, ಒಂದೆರಡು ಪ್ಯಾಕೆಟ್ ಚಿಪ್ಸಿನ ಜೊತೆ ಹಾಕಿಕೊಳ್ಳಿ. ಅದನ್ನೂ ಕಾರ್ಡಿನಲ್ಲಿ ತೋರಿಸಬೇಕು.