ಓದುಗರ ಪ್ರಶ್ನೆ, ನಮ್ಮ ಉತ್ತರ: ಎಕ್ಸಿಬಿಷನ್ ಮ್ಯಾಚ್ ನೋಡಿ ಆಟಗಾರನ ಅಳೆಯಬಹುದಾ?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೆರಿಕದ ಕಾಲೇಜ್ ಬಾಸ್ಕೆಟ್‌ಬಾಲ್ ಬಗ್ಗೇನೇ. ಅಲ್ಲಿ ಓದ್ತಿರೋರು, ಅಲ್ಲೇ ನೆಲೆಸಿರೋರು, ಮಗನೋ ಮಗಳೋ ಅಲ್ಲಿ ಕಾಲೇಜಿಗೆ ಸೇರಿದ್ಮೇಲೆ ಆ ಕಾಲೇಜಿನ ಟೀಮೇ ನಮ್ಮನೆ ಟೀಮು ಅಂತ ಹಚ್ಕೊಂಡಿರೋ ಅಪ್ಪ ಅಮ್ಮಂದಿರು, ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ತಳಮಳ. ಅಕ್ಟೋಬರ್ ಕೊನೆಯ ಎಕ್ಸಿಬಿಷನ್ ಮ್ಯಾಚ್‌ಗಳು ಮುಗಿದಿವೆ, ನವೆಂಬರ್ ಮೊದಲ ವಾರ ಲೆಕ್ಕಕ್ಕೆ ಬರೋ ಆಟ ಶುರು, ನಮ್ಮ ಹುಡುಗ್ರು ಹೇಗಿದಾರೆ ಹೇಳಿ ಅಂತ. ಈ ಮ್ಯಾಚ್‌ಗಳ ಸೋಲು ಗೆಲುವು ರೆಕಾರ್ಡಿಗೆ ಸೇರಲ್ಲ, ಆದ್ರೂ ಇವನ್ನ ನಾನು ಒಂದೂ ಬಿಡದೆ ನೋಡ್ತೀನಿ, ಯಾಕೆ ಅಂತ ಕೆಳಗಿನ ಉತ್ತರಗಳಲ್ಲಿ ಗೊತ್ತಾಗುತ್ತೆ.

ಪ್ರಶ್ನೆ: ಸರ್, ನಮ್ಮ ಟೀಮು ಡಿವಿಷನ್ 2 (ಎರಡನೇ ಹಂತದ) ಕಾಲೇಜಿನ ಮೇಲೆ 40ಕ್ಕೂ ಜಾಸ್ತಿ ಪಾಯಿಂಟಲ್ಲಿ ಗೆಲ್ತು, ಈ ವರ್ಷ ತಾನೇ ಹೈಸ್ಕೂಲ್ ಮುಗಿಸಿ ಬಂದ ಗಾರ್ಡ್ (ಬಾಲ್ ಹಿಡಿದು ಹೊರಗಿಂದ ಆಡೋನು) ಒಬ್ಬನೇ 24 ಹೊಡೆದ. ಇವನು ಮೊದಲ ದಿನದಿಂದಲೇ ಸ್ಟಾರ್ಟ್ ಮಾಡಬೇಕು, ಅಂದ್ರೆ ಮ್ಯಾಚ್ ಶುರು ಮಾಡೋ ಐದು ಜನರಲ್ಲಿ ಇರಬೇಕು ಅಂತ ನಾನು, ಬೇಡ ಅಂತ ನನ್ನ ರೂಮ್‌ಮೇಟ್. ಯಾರು ಸರಿ?

ಉತ್ತರ: 24 ಅನ್ನೋ ಅಂಕಿನ ಸ್ವಲ್ಪ ಪಕ್ಕಕ್ಕಿಡಿ. ಡಿವಿಷನ್ 2 ಟೀಮಲ್ಲಿ ಬಾಸ್ಕೆಟ್ ಕೆಳಗೆ ನಿಲ್ಲೋನು ಎಷ್ಟೋ ಸಲ 6 ಅಡಿ 6 ಇಂಚು, 7 ಇಂಚು ಇರ್ತಾನೆ ಅಷ್ಟೆ, ನಿಮ್ಮ ಗಾರ್ಡ್ ಒಬ್ಬನ್ನ ದಾಟಿ ಒಳಗೆ ನುಗ್ಗಿದ್ರೆ ಅಲ್ಲಿ ತಡೆಯೋಕೆ ಯಾರೂ ಇಲ್ಲ, ಜನವರಿಲಿ ಕಾನ್ಫರೆನ್ಸ್ (ನಿಮ್ಮ ಕಾಲೇಜಿರೋ ಗುಂಪು) ಮ್ಯಾಚ್ ಬಂದಾಗ ಅದೇ ಜಾಗದಲ್ಲಿ 7 ಅಡಿಯವನು ಕೈ ಎತ್ಕೊಂಡು ನಿಂತಿರ್ತಾನೆ. ಆ 24ರಲ್ಲಿ ಎಷ್ಟು ಪಾಯಿಂಟು ಎದುರಾಳಿ ಬಾಲ್ ಕಳ್ಕೊಂಡಾಗ ಓಡಿ ಹೋಗಿ ಹಾಕಿದ್ದು, ಎಷ್ಟು ಪಾಯಿಂಟು 30 ಸೆಕೆಂಡಿನ ಶಾಟ್ ಕ್ಲಾಕ್ (ಅಷ್ಟರೊಳಗೆ ಶಾಟ್ ಹೊಡೀಲೇಬೇಕು) ಮುಗೀತಾ ಬಂದಾಗ ಐದೂ ಜನ ಎದುರಿಗೆ ಇದ್ದಾಗ ಹಾಕಿದ್ದು, ರೆಕಾರ್ಡಿಂಗ್ ಇದ್ರೆ ಎಣಿಸಿ ನೋಡಿ.

ನಾನು ನೋಡೋದು ಎದುರಾಳಿ ಯಾರೇ ಆಗಿದ್ರೂ ಬದಲಾಗದೇ ಇರೋ ವಿಷಯಗಳನ್ನ. ಅವನ ಮೇಲೆ ಸ್ಕ್ರೀನ್ ಹಾಕಿದಾಗ, ಅಂದ್ರೆ ಎದುರಾಳಿಯೊಬ್ಬ ದಾರಿಗೆ ಅಡ್ಡ ನಿಂತಾಗ, ಸಂದೀಲಿ ನುಸುಳಿ ತನ್ನ ಆಟಗಾರನ ಹಿಡಿದ್ನಾ ಇಲ್ಲ ಅಲ್ಲೇ ಅಂಟ್ಕೊಂಡು ನಿಂತನಾ, ಶಾಟ್ ಮಿಸ್ ಆದಾಗ ತಲೆ ಬಗ್ಗಿಸ್ಕೊಂಡು ನಿಂತನಾ ಹಿಂದಕ್ಕೆ ಓಡಿದ್ನಾ, ಇಬ್ಬರು ಬಂದು ಮುತ್ತಿದಾಗ ಗಾಬರಿಯಲ್ಲಿ ಬಾಲ್ ಎಸೆದನಾ, ಬಾಲ್ ತನ್ನ ಕೈಲಿ ಇಲ್ದಾಗ ಏನ್ ಮಾಡ್ತಾನೆ. ಇವೆಲ್ಲ ಅಭ್ಯಾಸಗಳು ನೋಡಿ, ಎದುರಿಗೆ ಯಾರೇ ಇರ್ಲಿ ಹಾಗೇ ಇರ್ತವೆ.

ಇನ್ನೊಂದು, ಅವನು ಬಂದಿರೋದು ಹೈಸ್ಕೂಲಿಂದ ಅನ್ನೋದು ನೆನಪಿರ್ಲಿ. ಅಲ್ಲಿ ಮ್ಯಾಚು 32 ನಿಮಿಷ, ಇಲ್ಲಿ 40. ಅಲ್ಲಿ ತ್ರೀ ಪಾಯಿಂಟ್ ಗೆರೆ 19 ಅಡಿ 9 ಇಂಚು, ಇಲ್ಲಿ 22 ಅಡಿ ಒಂದೂಮುಕ್ಕಾಲು ಇಂಚು, ಅಂದ್ರೆ ಎರಡು ಅಡಿಗಿಂತ ಜಾಸ್ತಿ ದೂರ, 2019ರಲ್ಲಿ ಗಂಡು ಹುಡುಗರ ಆಟಕ್ಕೆ ಗೆರೆ ಹಿಂದಕ್ಕೆ ತಳ್ಳಿದ್ಮೇಲಿಂದ ಈ ಕಷ್ಟ ಇನ್ನೂ ಜಾಸ್ತಿ ಆಗಿದೆ. ಸೆಕೆಂಡ್ ಹಾಫಲ್ಲಿ ಅವನ ಶಾಟ್‌ಗಳು ರಿಮ್ಮಿನ ಮುಂಭಾಗಕ್ಕೆ ತಾಗಿ ಬೀಳ್ತಾ ಇದ್ರೆ ಕಾಲು ಸೋತಿದೆ ಅಂತ ಅರ್ಥ, ಅದು ಡಿಸೆಂಬರ್ ಹೊತ್ತಿಗೆ ಸರಿ ಹೋಗಬಹುದು, ಎಡಕ್ಕೂ ಬಲಕ್ಕೂ ಹೋಗ್ತಾ ಇದ್ರೆ ಮಾತ್ರ ಕೈ ಸರಿ ಇಲ್ಲ.

ಹಾಗಂತ ಎಕ್ಸಿಬಿಷನ್‌ನಲ್ಲಿ ಹೊಡೆದಿದ್ದೆಲ್ಲ ಸುಳ್ಳು ಅಂತಲೂ ಅಲ್ಲ. 2023ರ ಅಕ್ಟೋಬರಲ್ಲಿ ಟೆನೆಸಿ ಟೀಮು ಮಿಷಿಗನ್ ಸ್ಟೇಟ್‌ನ ಅವರದ್ದೇ ಅಂಗಳಕ್ಕೆ ಹೋಗಿ 89-88ರಲ್ಲಿ ಗೆಲ್ತು, ಹವಾಯಿಯ ಮಾವಿ ದ್ವೀಪದ ಕಾಡ್ಗಿಚ್ಚಿನ ಸಂತ್ರಸ್ತರಿಗೆ ಅಂತ ಆಡಿದ ಮ್ಯಾಚ್ ಅದು. ಆವತ್ತು ಟೆನೆಸಿ ಕಡೆ ಮೆರೆದವನು ನಾರ್ದರ್ನ್ ಕೊಲೊರಾಡೊ ಅನ್ನೋ ಸಣ್ಣ ಟೀಮಿಂದ ಬಂದಿದ್ದ ಡಾಲ್ಟನ್ ಕನೆಕ್ಟ್, ಆ ಸೀಸನ್ ಮುಗಿಯೋ ಹೊತ್ತಿಗೆ ಅವನೇ ಎಸ್‌ಇಸಿ ಕಾನ್ಫರೆನ್ಸಿನ ಪ್ಲೇಯರ್ ಆಫ್ ದಿ ಇಯರ್. ಅಲ್ಲಿ ಎದುರಾಳಿ ಗಟ್ಟಿ, ಗ್ಯಾಲರಿ ಪರರದ್ದು, ಹಾಗಾಗಿ ಆ ಪಾಯಿಂಟ್‌ಗಳಿಗೆ ತೂಕ ಇತ್ತು. ನಿಮ್ಮ ಹುಡುಗನಿಗೆ ಅಂಥ ಪರೀಕ್ಷೆ ಇನ್ನೂ ಆಗಿಲ್ಲ, ಸದ್ಯಕ್ಕೆ ನಿಮ್ಮ ರೂಮ್‌ಮೇಟ್ ಸರಿ.

ಪ್ರಶ್ನೆ: ನಾವು ಎಕ್ಸಿಬಿಷನ್ ಸೋತ್ವಿ, ಅದೂ ನಮ್ಮ ಹೋಮ್ ಕೋರ್ಟಲ್ಲಿ. ಗ್ರೂಪಲ್ಲಿ ಎಲ್ಲರೂ ಈ ವರ್ಷ ಮುಗೀತು ಅಂತಿದಾರೆ, ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ. ಇಷ್ಟಕ್ಕೇ ಮುಗೀತಾ?

ಉತ್ತರ: ಇಲ್ಲ ಕಣ್ರೀ, ನಿಮಗೆ ಎರಡು ಮ್ಯಾಚ್ ಕಥೆ ಹೇಳ್ತೀನಿ ಕೇಳಿ.

2009ರ ನವೆಂಬರ್ 3, ಸಿರಾಕ್ಯೂಸ್ ಟೀಮು ತನ್ನ ಕ್ಯಾರಿಯರ್ ಡೋಮಲ್ಲಿ ಲೆಮೊಯ್ನ್ ಜೊತೆ ಎಕ್ಸಿಬಿಷನ್ ಆಡ್ತು. ಲೆಮೊಯ್ನ್ ಅಂದ್ರೆ ಅದೇ ಊರಿನ ಸಣ್ಣ ಕಾಲೇಜು, ಆಗ ಡಿವಿಷನ್ 2. ಸಿರಾಕ್ಯೂಸ್ 82-79ರಲ್ಲಿ ಸೋತುಹೋಯ್ತು. ಹಿಂದಿನ ವರ್ಷದ ಮುಖ್ಯ ಹುಡುಗ್ರು ಬೇರೆ ಬಿಟ್ಟು ಹೋಗಿದ್ರು, ಈಗ ಡಿವಿಷನ್ 2 ಕೈಲಿ ಸೋಲು ಅಂದ್ರೆ ಅಭಿಮಾನಿಗಳ ಗತಿ ನೀವೇ ಯೋಚನೆ ಮಾಡಿ. ಕೋಚ್ ಜಿಮ್ ಬೇಹೈಮ್ ಆವತ್ತು ಮ್ಯಾನ್ ಟು ಮ್ಯಾನ್ ಡಿಫೆನ್ಸ್ (ಒಬ್ಬೊಬ್ಬ ಎದುರಾಳಿಗೆ ಒಬ್ಬೊಬ್ಬ ಕಾವಲು) ಆಡಿಸಿ ನೋಡಿದ್ರು, ಅದು ಈ ಹುಡುಗರಿಗೆ ಒಗ್ಗಲ್ಲ ಅಂತ ಗೊತ್ತಾಯ್ತು, ಮುಂದೆ ತಮ್ಮ 2-3 ಝೋನನ್ನೇ (ಮುಂದೆ ಇಬ್ಬರು ಹಿಂದೆ ಮೂವರು ನಿಂತು ಜಾಗ ಕಾಯೋದು) ಹಿಡ್ಕೊಂಡ್ರು. ಆ ವರ್ಷ ಆ ಟೀಮು 30 ಗೆಲುವು 5 ಸೋಲು, ಎನ್‌ಸಿಎಎ ಟೂರ್ನಮೆಂಟಲ್ಲಿ (ಸೀಸನ್ ಕೊನೆಯ ರಾಷ್ಟ್ರ ಮಟ್ಟದ ಕಾಲೇಜ್ ಟೂರ್ನಿ) ನಂಬರ್ 1 ಸೀಡ್ (ಶ್ರೇಯಾಂಕ), ಅಯೋವಾ ಸ್ಟೇಟ್‌ನಿಂದ ಬಂದ ವೆಸ್ ಜಾನ್ಸನ್ ಬಿಗ್ ಈಸ್ಟ್ ಕಾನ್ಫರೆನ್ಸ್‌ನ ಪ್ಲೇಯರ್ ಆಫ್ ದಿ ಇಯರ್. ಸೋತಿದ್ದು ಲೆಕ್ಕಕ್ಕೆ ಬಾರದ ದಿನ, ಕಲಿತಿದ್ದು ಪೂರ್ತಿ ಸೀಸನ್‌ಗೆ ಆಯ್ತು.

ಇನ್ನೊಂದು 2023ರ ಅಕ್ಟೋಬರ್ 28ರದ್ದು. ಪರ್ಡ್ಯೂ ಟೀಮು ಆರ್ಕನ್ಸಾಗೆ ಹೋಗಿ ಓವರ್‌ಟೈಮಲ್ಲಿ 81-77ಕ್ಕೆ ಸೋತು ಬಂತು. ಆ ವರ್ಷದ ಮಾರ್ಚಲ್ಲಿ ತಾನೇ ಇದೇ ಪರ್ಡ್ಯೂ ನಂಬರ್ 1 ಸೀಡ್ ಆಗಿದ್ದು 16ನೇ ಸೀಡ್ ಫೇರ್ಲಿ ಡಿಕಿನ್ಸನ್ ಕೈಲಿ ಸೋತಿತ್ತು, ಆ ಗಾಯ ಇನ್ನೂ ಹಸಿ ಇತ್ತು, ಅದರ ಮೇಲೆ ಇದು. ಆದ್ರೆ ಆಗಿದ್ದೇನು? ಪರ್ಡ್ಯೂ ಫೈನಲ್ ತನಕ ಹೋಗಿ 2024ರ ಏಪ್ರಿಲಲ್ಲಿ ಕನೆಕ್ಟಿಕಟ್ ಮುಂದೆ 75-60ರಲ್ಲಿ ಸೋತು ನಿಲ್ತು. ಎಕ್ಸಿಬಿಷನ್ ಗೆದ್ದು ಕುಣಿದಾಡಿದ ಆರ್ಕನ್ಸಾ ಆ ಸೀಸನ್ ಮುಗಿಸಿದ್ದು 16 ಗೆಲುವು 17 ಸೋಲಿಗೆ. ಇದನ್ನ ನಿಮ್ಮ ಗ್ರೂಪಲ್ಲಿ ಹಾಕಿ.

ಆದ್ರೆ ಹೇಗೆ ಸೋತ್ರಿ ಅನ್ನೋದನ್ನ ಮಾತ್ರ ಬಿಡದೆ ನೋಡಿ. ಹೊಸ ಡಿಫೆನ್ಸ್ ಪ್ರಯೋಗ ಮಾಡಿ ಸೋಲೋದು ಬೇರೆ, ಮುಖ್ಯ ಐದು ಜನಾನೇ ಕೊನೆ ತನಕ ಆಡಿ ರೀಬೌಂಡ್ (ಮಿಸ್ ಆಗಿ ವಾಪಸ್ ಬಂದ ಬಾಲ್) ಹಿಡಿಯೋಕಾಗದೆ ಸೋಲೋದು ಬೇರೆ. ಎರಡನೇದು ಆಗಿದ್ರೆ ಚಿಂತೆ ಮಾಡೋದ್ರಲ್ಲಿ ತಪ್ಪಿಲ್ಲ.

ಪ್ರಶ್ನೆ: ನಮ್ಮ 7 ಅಡಿ ಸೆಂಟರ್ (ಬಾಸ್ಕೆಟ್ ಹತ್ರ ಆಡೋನು) ಎರಡೂ ಮ್ಯಾಚಲ್ಲಿ ಹದಿನೈದು ನಿಮಿಷ ಆಡೋಷ್ಟರಲ್ಲಿ ನಾಲ್ಕು ಫೌಲ್ ಮಾಡ್ಕೊಂಡ. ಇವನಿಗೆ ಬುದ್ಧಿ ಬರುತ್ತಾ? ನನ್ನ ತಮ್ಮ ಅಂತೂ ಅವನಿಗೇ ಮೆಸೇಜ್ ಹಾಕಿ ಬೈದಿದಾನೆ.

ಉತ್ತರ: ಮೊದಲು ನಿಮ್ಮ ತಮ್ಮನಿಗೆ ಆ ಮೆಸೇಜ್ ಅಳಿಸೋಕೆ ಹೇಳಿ, ದಯವಿಟ್ಟು. 18-19 ವರ್ಷದ ಹುಡುಗ, ಮನೆ ಬಿಟ್ಟು ಬಂದು ಇನ್ನೂ ಕೆಲವೇ ತಿಂಗಳಾಗಿದೆ, ತನ್ನ ಟೀಮಿನ ಅಭಿಮಾನಿಯೇ ಹೀಗೆ ಬರೆದ್ರೆ ಅವನು ಯಾರ ಹತ್ರ ಹೇಳ್ಕೋಬೇಕು.

ಈಗ ಫೌಲ್ ವಿಷಯ. ನನ್ನ ಪ್ರಕಾರ ಎಕ್ಸಿಬಿಷನ್‌ನಲ್ಲಿ ನೋಡೋಕೆ ಸಿಗೋದ್ರಲ್ಲಿ ನಿಜವಾಗ್ಲೂ ಎಚ್ಚರ ವಹಿಸಬೇಕಾದ ವಿಷಯ ಇದೇ, ಯಾಕಂದ್ರೆ ಸಣ್ಣ ಟೀಮಿನ ಎದುರು ಇಷ್ಟು ಫೌಲ್ ಆದ್ರೆ ದೊಡ್ಡ ಟೀಮಿನ ಎದುರು ಕಡಿಮೆ ಆಗೋದು ಕಷ್ಟ. ಎನ್‌ಬಿಎ ಥರ ಇಲ್ಲಿ ಆರು ಇಲ್ಲ, ಐದನೇ ಫೌಲಿಗೆ ಆಚೆ. ಫಸ್ಟ್ ಹಾಫಲ್ಲಿ ಎರಡು ಆಗಿಬಿಟ್ರೆ ಹೆಚ್ಚಿನ ಕೋಚ್‌ಗಳು ಎಬ್ಬಿಸಿ ಬೆಂಚಲ್ಲಿ ಕೂರಿಸ್ತಾರೆ, ಆಗ ನೀವು ನಂಬ್ಕೊಂಡಿರೋ 7 ಅಡಿ ಅಂಗಳದಲ್ಲೇ ಇರಲ್ಲ.

ಆ ನಾಲ್ಕು ಫೌಲ್ ಎಲ್ಲೆಲ್ಲಿ ಆಯ್ತು ಅಂತ ಬೇರೆ ಮಾಡಿ ನೋಡಿ. ಶಾಟ್ ಹೊಡೆಯೋನ ಎದುರು ನೇರ ಮೇಲಕ್ಕೆ ಹಾರಿ ಕೈ ನೆಟ್ಟಗೆ ಇಟ್ರೆ, ಎದುರಾಳಿ ಬಂದು ಗುದ್ದಿದ್ರೂ ಅದು ಫೌಲಲ್ಲ, ಹೊಸಬರು ಬ್ಲಾಕ್ ಮಾಡೋ ಆಸೆಗೆ ಕೈನ ಮುಂದಕ್ಕೆ ಬಡೀತಾರೆ, ಅಲ್ಲೇ ಸಿಕ್ಕಿಬೀಳೋದು. ಇದು ಪ್ರಾಕ್ಟೀಸಲ್ಲಿ ಹೋಗೋ ರೋಗ. ಬಾಸ್ಕೆಟಿನಿಂದ ದೂರ, ಸ್ಕ್ರೀನ್ ಹಾಕಿದಾಗ ಪುಟ್ಟ ಗಾರ್ಡಿನ ಹಿಂದೆ ಓಡಿ ಕೈ ಹಾಕಿ ಆಗ್ತಿರೋ ಫೌಲ್ ಆದ್ರೆ ತಪ್ಪು ಅವನದ್ದಕ್ಕಿಂತ ಪ್ಲಾನ್‌ದು ಜಾಸ್ತಿ, ಕೋಚ್ ಅವನನ್ನ ಅಷ್ಟು ಮುಂದೆ ಕಳಿಸದೆ ಬಾಸ್ಕೆಟ್ ಹತ್ರಾನೇ ನಿಲ್ಲಿಸಬಹುದು. ಮೂರನೇದು, ತಾನು ಮಿಸ್ ಮಾಡಿ ಆ ಸಿಟ್ಟಿಗೆ ರೀಬೌಂಡ್ ಹಿಡಿದವನ ಬೆನ್ನ ಮೇಲೆ ಬೀಳೋದು. ಇದು ತಲೆಯದ್ದು, ಟೈಮ್ ಹಿಡಿಯುತ್ತೆ.

ತಾಳ್ಮೆ ಯಾಕೆ ಬೇಕು ಅಂದ್ರೆ ಮೇಲೆ ಹೇಳಿದ ಪರ್ಡ್ಯೂವಿನ ಝಾಕ್ ಈಡಿನೇ ನೋಡಿ, 7 ಅಡಿ 4 ಇಂಚು, ಮೊದಲ ವರ್ಷ ಸರಾಸರಿ ಸುಮಾರು 15 ನಿಮಿಷವಷ್ಟೇ ಆಡ್ತಿದ್ದ, 2023 ಮತ್ತೆ 2024 ಎರಡು ವರ್ಷವೂ ದೇಶಕ್ಕೇ ಅತ್ಯುತ್ತಮ ಕಾಲೇಜ್ ಆಟಗಾರ ಆದ. ದೊಡ್ಡ ಮೈಯವರು ನಿಧಾನಕ್ಕೇ ಪಳಗೋದು.

ಪ್ರಶ್ನೆ: ಹೋದ ವರ್ಷ ಪ್ರತಿ ಮ್ಯಾಚ್ ಸ್ಟಾರ್ಟ್ ಮಾಡಿದ ನಮ್ಮ ಹುಡುಗನ್ನ ಬೆಂಚಲ್ಲಿ ಕೂರಿಸಿ, ಕಾಲೇಜ್ ಬದಲಿಸೋರ ಪಟ್ಟಿಯಾದ ಪೋರ್ಟಲ್‌ನಿಂದ ಬಂದವರನ್ನೇ ಆಡಿಸ್ತಿದಾರೆ. ಇದು ಅನ್ಯಾಯ ಅಲ್ವಾ?

ಉತ್ತರ: ನೋವು ಅರ್ಥ ಆಗುತ್ತೆ, ನಮ್ಮವನು ಅಂತ ನೋಡ್ತಾ ಬಂದಿರ್ತೀವಿ. ಟ್ರಾನ್ಸ್‌ಫರ್ ಪೋರ್ಟಲ್ 2018ರಲ್ಲಿ ಬಂತು, 2021ರಿಂದ ಒಂದು ಸಲ ಕಾಲೇಜ್ ಬದಲಿಸಿದ್ರೆ ಒಂದು ವರ್ಷ ಕಾಯದೆ ತಕ್ಷಣ ಆಡಬಹುದು, 2024ರಿಂದ ಓದು ಸರಿ ಇದ್ರೆ ಎಷ್ಟು ಸಲ ಬದಲಿಸಿದ್ರೂ ಆಡಬಹುದು. ಹೀಗಾಗಿ ಅಕ್ಟೋಬರಲ್ಲಿ ಕೋಚ್ ಮುಂದೆ ಒಬ್ಬರಿಗೊಬ್ಬರು ಅರಿಯದ ಹತ್ತು ಜನ ನಿಂತಿರ್ತಾರೆ. ಹಳಬನ ಆಟ ಕೋಚಿಗೆ ಬಾಯಿಪಾಠ, ಹೊಸಬರದ್ದು ಗೊತ್ತಿಲ್ಲ, ಎಕ್ಸಿಬಿಷನ್‌ನಲ್ಲಿ ಅವರಿಗೆ ಜಾಸ್ತಿ ನಿಮಿಷ ಕೊಡೋಕೆ ಎಷ್ಟೋ ಸಲ ಇದೇ ಕಾರಣ. ನಾನು ಒಂದು ಹಾಳೆ ಇಟ್ಕೊಂಡು ಯಾವ ಐದು ಜನ ಒಟ್ಟಿಗೆ ಇದ್ದಾಗ ಎಷ್ಟು ಪಾಯಿಂಟ್ ಬಂತು, ಎಷ್ಟು ಹೋಯ್ತು ಅಂತ ಬರ್ಕೊತೀನಿ, ನೀವೂ ಮಾಡಿ ನೋಡಿ. ಪಂದ್ಯ ಬಿಗಿ ಆದಾಗ ಕೋಚ್ ಯಾರನ್ನ ಕರೀತಾರೆ ಅನ್ನೋದೇ ಮುಖ್ಯ. ಆಗಲೂ ನಿಮ್ಮ ಹುಡುಗ ಬೆಂಚಲ್ಲೇ ಇದ್ದ ಅಂದ್ರೆ, ಹೌದು, ಅವನ ಜಾಗ ಹೋಗಿದೆ.

ಪ್ರಶ್ನೆ: ಬಾಗಿಲು ಹಾಕ್ಕೊಂಡು ಆಡೋ ಸ್ಕ್ರಿಮೇಜ್ (ಅಭ್ಯಾಸ ಪಂದ್ಯ) ಸ್ಕೋರು ಅಂತ ಒಂದು ಓಡಾಡ್ತಿದೆ, ನಂಬಬಹುದಾ?

ಉತ್ತರ: ಬೇಡ. ಅಲ್ಲಿ ಪ್ರೇಕ್ಷಕರಿಲ್ಲ, ಕೋಚ್‌ಗಳು ತಮಗೆ ಬೇಕಾದ ಹಾಗೆ ಭಾಗ ಭಾಗ ಮಾಡಿ ಆಡಿಸ್ತಾರೆ, ಒಂದಷ್ಟು ನಿಮಿಷ ಬರೀ ಎರಡನೇ ಸಾಲಿನ ಹುಡುಗ್ರೇ ಇರಬಹುದು. ಯಾರಿಗೆ ಪೆಟ್ಟಾಯ್ತು ಅನ್ನೋ ಸುದ್ದಿ ಬಂದ್ರೆ ಮಾತ್ರ ಕಿವಿ ಕೊಡಿ.

ಪ್ರಶ್ನೆ: ನಮ್ಮ ಬೆಸ್ಟ್ ಶೂಟರ್ ಎರಡು ಮ್ಯಾಚ್ ಸೇರಿ 17 ತ್ರೀ ಪಾಯಿಂಟರ್ ಎಸೆದು ಹಾಕಿದ್ದು 3. ಕೈ ಹೋಯ್ತಾ?

ಉತ್ತರ: 17 ಎಸೆತ ಏನೂ ಅಲ್ಲ. 2023ರ ಸೀಸನ್ ಮೊದಲ ದಿನ ಮಿಷಿಗನ್ ಸ್ಟೇಟ್ ಪೂರ್ತಿ ಟೀಮೇ 20 ಎಸೆದು ಒಂದು ಹಾಕಿ ಮನೆಯಂಗಳದಲ್ಲೇ ಜೇಮ್ಸ್ ಮ್ಯಾಡಿಸನ್‌ಗೆ ಓವರ್‌ಟೈಮಲ್ಲಿ ಸೋತಿತ್ತು, ಆಮೇಲೆ ಅದೇ ಟೀಮು ಮಾರ್ಚಲ್ಲಿ ಎನ್‌ಸಿಎಎ ಟೂರ್ನಮೆಂಟ್ ಆಡಿ ಮೊದಲ ಮ್ಯಾಚ್ ಗೆಲ್ತು. ಅವನ ಫ್ರೀ ಥ್ರೋ ನೋಡಿ, ಅಲ್ಲಿ ಯಾರೂ ಅಡ್ಡ ಇಲ್ಲ, ಕೈ ಸರಿ ಇದ್ಯಾ ಅಂತ ಅಲ್ಲೇ ಗೊತ್ತಾಗುತ್ತೆ. ಎಸೆದ ತ್ರೀಗಳು ಕಾಲು ನೆಲಕ್ಕೂರಿ ಹೊಡೆದದ್ದಾ, ಡ್ರಿಬಲ್ ಮಾಡ್ತಾ ಅವಸರಕ್ಕೆ ಎತ್ತಿದ್ದಾ? ಮೊದಲನೇದಾದ್ರೆ ಎಸೀತಾನೇ ಇರ್ಲಿ, ಬೀಳುತ್ತೆ.

ಪ್ರಶ್ನೆ: ಮಗಳ ಕಾಲೇಜಿನ ಹೆಣ್ಣುಮಕ್ಕಳ ಟೀಮ್ ನಾನು ತಪ್ಪದೆ ನೋಡ್ತೀನಿ. ನಮ್ಮನೆಯವರು ಗಂಡುಹುಡುಗರ ಆಟ ನೋಡೋದು, ಎರಡೂ ಒಂದೇ ಅಂತಾರೆ. ಎಕ್ಸಿಬಿಷನ್‌ನಲ್ಲಿ ನಾನು ಬೇರೆ ಏನಾದ್ರೂ ಗಮನಿಸಬೇಕಾ?

ಉತ್ತರ: ಖಂಡಿತ ಅಮ್ಮ, ಎರಡೂ ಒಂದೇ ಅಲ್ಲ. ಗಂಡುಹುಡುಗರದ್ದು 20 ನಿಮಿಷದ ಎರಡು ಹಾಫ್, ಹೆಣ್ಣುಮಕ್ಕಳದ್ದು 2015ರಿಂದ 10 ನಿಮಿಷದ ನಾಲ್ಕು ಕ್ವಾರ್ಟರ್. ಟೀಮ್ ಫೌಲ್ ಲೆಕ್ಕ ಪ್ರತಿ ಕ್ವಾರ್ಟರಿಗೂ ಹೊಸದಾಗಿ ಶುರು, ಐದನೇ ಫೌಲಿಂದ ಎದುರಾಳಿಗೆ ಎರಡು ಫ್ರೀ ಥ್ರೋ. ಹಾಗಾಗಿ ಮೊದಲ ನಾಲ್ಕು ನಿಮಿಷದಲ್ಲೇ ನಾಲ್ಕು ಫೌಲ್ ಮಾಡ್ಕೊಳ್ಳೋ ಅಭ್ಯಾಸ ಇದ್ಯಾ ನೋಡಿ. ಇನ್ನೊಂದು, ಕ್ವಾರ್ಟರ್ ಕೊನೆಯ 40 ಸೆಕೆಂಡ್ ಮ್ಯಾಚಲ್ಲಿ ನಾಲ್ಕು ಸಲ ಬರುತ್ತೆ. ಬಾಲ್ ಹಿಡಿದಿರೋ ಹುಡುಗಿ ಗಡಿಯಾರ ನೋಡಿ ಬೇಗ ಒಂದು ಶಾಟ್ ಹೊಡೆದು, ಎದುರಾಳಿ ತನ್ನ 30 ಸೆಕೆಂಡ್ ಬಳಸಿದ್ಮೇಲೂ ಕೊನೇಲಿ ಮತ್ತೆ ಬಾಲ್ ಸಿಗೋ ಹಾಗೆ ನೋಡ್ಕೊತಾಳಾ? ಮೊದಲ ಎಕ್ಸಿಬಿಷನ್‌ನಲ್ಲೇ ಅದನ್ನ ಮಾಡೋಳು ಸಿಕ್ಕಿದ್ರೆ ನಿಮ್ಮ ಟೀಮಿಗೆ ಪಾಯಿಂಟ್ ಗಾರ್ಡ್ ಸಿಕ್ಕಿದಾಳೆ, ಮುಂದಿನ ತಿಂಗಳು ನಂಗೆ ಬರೆದು ತಿಳಿಸಿ.