ಹೋಟೆಲ್ ಸೂಟ್ ತೆಗೆದುಕೊಳ್ಳಬೇಕೆ, ರೂಮೇ ಸಾಕೆ?

ಪ್ರಶ್ನೆ: ಡಿಸೆಂಬರ್‌ನಲ್ಲಿ ನಮ್ಮ ಮದುವೆಗೆ 25 ವರ್ಷ ತುಂಬುತ್ತದೆ. ಉದಯಪುರದ ತಾಜ್ ಲೇಕ್ ಪ್ಯಾಲೇಸ್‌ನಲ್ಲಿ ಎರಡು ರಾತ್ರಿ ಉಳಿಯಬೇಕೆಂಬುದು ಹೆಂಡತಿಯ ಬಹುದಿನದ ಆಸೆ. ಟ್ರಾವೆಲ್ ಏಜೆಂಟ್ ಹೇಳಿದ ದರ ರಾತ್ರಿಗೆ ಹೀಗಿದೆ: ಸಾಮಾನ್ಯ ರೂಮಿಗೆ ₹45,000, ಸರೋವರ ಕಾಣುವ ರೂಮಿಗೆ ₹54,000, ಸೂಟ್‌ಗೆ ₹95,000. ತೆರಿಗೆ ಬೇರೆ. ಜೀವನದಲ್ಲಿ ಒಮ್ಮೆ ಹೋಗುವುದು, ಸೂಟನ್ನೇ ತೆಗೆದುಕೊಳ್ಳೋಣವೆ?
– ಹುಬ್ಬಳ್ಳಿಯ ಓದುಗರು

ಉತ್ತರ: ಸರೋವರ ಕಾಣುವ ರೂಮು ತೆಗೆದುಕೊಳ್ಳಿ. ಸೂಟ್ ಬೇಡ. ಕಾರಣ ಹೇಳುತ್ತೇವೆ.

ಆ ಕಟ್ಟಡವೇ ಅಲ್ಲಿಯ ದೊಡ್ಡ ಆಸ್ತಿ. ಮಹಾರಾಣಾ ಎರಡನೇ ಜಗತ್ ಸಿಂಗ್ ಪಿಚೋಲಾ ಸರೋವರದ ನಡುಗಡ್ಡೆಯಲ್ಲಿ ಕಟ್ಟಿಸಿದ ಅರಮನೆ ಅದು. 1746ರಲ್ಲಿ ಪೂರ್ತಿಯಾಯಿತು, ಆಗಿನ ಹೆಸರು ಜಗ್ ನಿವಾಸ. ಅಲ್ಲಿಗೆ ದೋಣಿಯಲ್ಲೇ ಹೋಗಬೇಕು, ಸುಮ್ಮನೆ ನೋಡಿಕೊಂಡು ಬರುತ್ತೇವೆಂದರೆ ಬಿಡುವುದಿಲ್ಲ. ದೋಣಿ, ಅಂಗಳ, ಕಮಲದ ಕೊಳ, ಮೇಲಿನ ತಾರಸಿ, ರಾತ್ರಿ ನೀರಿನಲ್ಲಿ ಕಾಣುವ ದೀಪಗಳು, ಇವೆಲ್ಲ ಅತಿ ಕಡಿಮೆ ದರದ ರೂಮಿನವರಿಗೂ ಅಷ್ಟೇ ಸಿಗುತ್ತವೆ. ನಿಮ್ಮವರು ಇಷ್ಟು ವರ್ಷ ಆಸೆಪಟ್ಟಿದ್ದರಲ್ಲಿ ಬಹುಪಾಲು ₹45,000ದಲ್ಲೇ ಸೇರಿದೆ.

ಹಾಗಾದರೆ ಸೂಟ್‌ಗೆ ಹೆಚ್ಚಾಗಿ ಕೊಡುವ ₹50,000 ಯಾವುದಕ್ಕೆ? ಯಾವ ಹೋಟೆಲಿನಲ್ಲೇ ಆಗಲಿ ಸೂಟ್ ಎಂದರೆ ಮೂಲತಃ ಒಂದು ಹಾಲ್, ಒಂದು ಬೆಡ್‌ರೂಮ್, ನಡುವೆ ಮುಚ್ಚುವ ಬಾಗಿಲು. ನೋಟ, ತಿಂಡಿ, ಲೌಂಜ್ ಎಲ್ಲವನ್ನೂ ಬೇರೆ ದಾರಿಯಲ್ಲಿ ಕಡಿಮೆ ದುಡ್ಡಿಗೆ ಪಡೆಯಬಹುದು. ಆ ಬಾಗಿಲನ್ನು ಮಾತ್ರ ಹಾಗೆ ಪಡೆಯಲಾಗದು. ಗಂಡ ಹೆಂಡತಿ ಇಬ್ಬರೇ ಇರುವಾಗ ನೀವು ಅದನ್ನು ಮುಚ್ಚುವುದೇ ಇಲ್ಲ.

ಎರಡು ರಾತ್ರಿಗೆ ವ್ಯತ್ಯಾಸ ₹1,00,000, ಶೇ 18 ಜಿಎಸ್‌ಟಿ ಸೇರಿ ₹1,18,000. ಈಗ ರೂಮಿನೊಳಗೆ ಎಚ್ಚರವಾಗಿ ಕಳೆಯುವ ಹೊತ್ತನ್ನು ಎಣಿಸಿ. ಮೊದಲ ದಿನ ಮಧ್ಯಾಹ್ನ ಒಳಗೆ ಕಾಲಿಟ್ಟು, ಮುಖ ತೊಳೆದು, ಸಂಜೆ ತಾರಸಿಗೆ ಹೋಗುವಷ್ಟರಲ್ಲಿ ಎರಡು ಗಂಟೆ. ಎರಡನೇ ದಿನ ಬೆಳಿಗ್ಗೆ ದಂಡೆಯ ಮೇಲಿನ ಸಿಟಿ ಪ್ಯಾಲೇಸ್ ಅರಮನೆ ನೋಡಲು ಹೋದರೆ, ರೂಮಿನಲ್ಲಿ ಮಧ್ಯಾಹ್ನ ಮೂರು ಗಂಟೆ ಹೊತ್ತು, ರಾತ್ರಿ ಒಂದು ಗಂಟೆ ಹೊತ್ತು. ಮೂರನೇ ದಿನ ಹೊರಡುವ ಮುಂಚೆ ಎರಡು. ಒಟ್ಟು ಎಂಟು ಗಂಟೆ. ಗಂಟೆಗೆ ₹14,750 ಹೆಚ್ಚು ಕೊಟ್ಟಂತಾಯಿತು. ನಿದ್ದೆ ಎರಡೂ ಕಡೆ ಒಂದೇ.

ಸರೋವರದ ನೋಟಕ್ಕೆ ಎರಡು ರಾತ್ರಿಗೆ ತೆರಿಗೆ ಸೇರಿ ₹21,240 ಹೆಚ್ಚಾಗುತ್ತದೆ. ಇದು ಗಿಟ್ಟುವ ಖರ್ಚು. ಆದರೆ ಯಾವ ದಿಕ್ಕಿನ ನೋಟ ಎಂದು ಬುಕ್ ಮಾಡುವ ಮುನ್ನ ಇಮೇಲ್‌ನಲ್ಲಿ ಕೇಳಿ. ಪೂರ್ವಕ್ಕೆ ಸಿಟಿ ಪ್ಯಾಲೇಸ್ ಮತ್ತು ಘಾಟ್‌ಗಳು (ನೀರಿಗಿಳಿಯುವ ಮೆಟ್ಟಿಲ ಸಾಲು), ಪಶ್ಚಿಮಕ್ಕೆ ಅರಾವಳಿ ಬೆಟ್ಟ ಮತ್ತು ಸೂರ್ಯಾಸ್ತ. ಎಲ್ಲರೂ ಸೂರ್ಯಾಸ್ತದ ಕಡೆ ಕೇಳುತ್ತಾರೆ. ನಾವು ಪೂರ್ವ ಎನ್ನುತ್ತೇವೆ. ಸೂರ್ಯ ಮುಳುಗುವುದನ್ನು ತಾರಸಿಯಿಂದ ನೋಡಬಹುದು. ಡಿಸೆಂಬರ್‌ನಲ್ಲಿ ಸಂಜೆ ಐದೂವರೆ ಸುಮಾರಿಗೆ ಅದೇ ಬಿಸಿಲು ಸಿಟಿ ಪ್ಯಾಲೇಸಿನ ಗೋಡೆಯ ಮೇಲೆ ಬಿದ್ದು ಇಡೀ ದಂಡೆ ಹೊಂಬಣ್ಣಕ್ಕೆ ತಿರುಗುತ್ತದೆ, ಕತ್ತಲಾದ ಮೇಲೆ ದೀಪ ಹತ್ತುತ್ತದೆ. ಪಶ್ಚಿಮದ ಕಿಟಕಿಯಲ್ಲಿ ಏಳು ಗಂಟೆಯ ನಂತರ ಕತ್ತಲೆಯೇ ಹೆಚ್ಚು. ಪಿಚೋಲಾ ಮಳೆಯನ್ನು ನಂಬಿದ ಕೆರೆ, ಬರಗಾಲದ ವರ್ಷಗಳಲ್ಲಿ ತಳ ಕಂಡದ್ದೂ ಇದೆ. ಮಳೆಗಾಲ ಹೇಗಾಯಿತೆಂದು ಅಕ್ಟೋಬರ್‌ನಲ್ಲಿ ವಿಚಾರಿಸಿ, ರದ್ದು ಮಾಡಿದರೆ ಹಣ ವಾಪಸ್ ಬರುವ ದರದಲ್ಲೇ ಬುಕ್ ಮಾಡಿ.

ಇಷ್ಟಾದರೂ ಸೂಟ್ ಬೇಕೆಂಬ ಆಸೆಗೆ ಒಂದು ನ್ಯಾಯವಾದ ಕಾರಣವಿದೆ. ಅಲ್ಲಿಯ ಕೆಲವು ಸೂಟ್‌ಗಳು ಅರಮನೆಯ ಹಳೆಯ ಕೋಣೆಗಳೇ. ಖುಷ್ ಮಹಲ್ ಎಂಬ ಸೂಟ್‌ನಲ್ಲಿ ಬಣ್ಣದ ಗಾಜಿನ ಕಿಟಕಿಗಳಿವೆ, ಬಿಸಿಲು ಬಿದ್ದರೆ ಕೋಣೆಯೊಳಗೆ ಕೆಂಪು, ಹಸಿರು, ಹಳದಿ ಹರಡಿಕೊಳ್ಳುತ್ತದೆ. ತೂಗುಯ್ಯಾಲೆ ಇದೆ. ಇಂಥ ಕೋಣೆಯೇ ಬೇಕಿದ್ದರೆ ‘ಸೂಟ್’ ಎಂದಷ್ಟೇ ಬುಕ್ ಮಾಡಬೇಡಿ. ಹೆಸರು ಹೇಳಿ ಕೇಳಿ, ಅದೇ ಕೋಣೆಯ ಫೋಟೊ ತರಿಸಿಕೊಳ್ಳಿ. ಹಳೆಯ ಕೋಣೆಗಳಲ್ಲಿ ಮೆಟ್ಟಿಲು ಎಷ್ಟು, ಹೊಸ್ತಿಲು ಎತ್ತರವೆ, ಸ್ನಾನಕ್ಕೆ ಟಬ್ ಹತ್ತಬೇಕೆ ಎಂದು ವಿಚಾರಿಸಿ. ಮಂಡಿನೋವಿದ್ದವರಿಗೆ ಇದು ದೊಡ್ಡ ವಿಷಯ.

ಅಂಥ ಸೂಟನ್ನು ಎರಡನೇ ರಾತ್ರಿಗೆ ಮಾತ್ರ ತೆಗೆದುಕೊಳ್ಳಬಹುದು. ಸಣ್ಣದರಿಂದ ದೊಡ್ಡದಕ್ಕೆ ಹೋಗಿ, ತಿರುಗುಮುರುಗು ಮಾಡಬೇಡಿ. ಮೊದಲ ರೂಮನ್ನು ಸಾಮಾನ್ಯವಾಗಿ 11 ಅಥವಾ 12ಕ್ಕೆ ಬಿಡಬೇಕು, ಸೂಟ್ ಸಿಗುವುದು 2 ಅಥವಾ 3ಕ್ಕೆ. ಆ ನಡುವಿನ ಹೊತ್ತಿನಲ್ಲಿ ಊರು ಸುತ್ತಲು ಹೋಗಿ, ಸಾಮಾನನ್ನು ಸಿಬ್ಬಂದಿಯೇ ಸಾಗಿಸಲಿ.

ಪ್ರಶ್ನೆ: ದಸರಾಕ್ಕೆ ಮೈಸೂರಿಗೆ ಹೋಗುತ್ತಿದ್ದೇವೆ. ನಾವಿಬ್ಬರು, 9 ಮತ್ತು 6 ವರ್ಷದ ಮಕ್ಕಳು, 72 ವರ್ಷದ ಅತ್ತೆ. ಒಂದು ಹೋಟೆಲ್‌ನಲ್ಲಿ ಸೂಟ್ ₹14,000, ರೂಮು ₹7,000. ಎರಡು ರೂಮಿಗೂ ಅಷ್ಟೇ ಆಗುವುದರಿಂದ ಸೂಟೇ ಚೆನ್ನ ಅಲ್ಲವೆ?
– ದಾವಣಗೆರೆಯ ಓದುಗರು

ಉತ್ತರ: ಅಷ್ಟೇ ಆಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ರೂಮಿಗೆ ಶೇ 5, ಅದಕ್ಕಿಂತ ಹೆಚ್ಚಿನದಕ್ಕೆ ಶೇ 18 ಜಿಎಸ್‌ಟಿ. ಲೆಕ್ಕ ಒಂದೊಂದು ರೂಮಿಗೆ ಬೇರೆ ಬೇರೆ. ಹಾಗಾಗಿ ಎರಡು ರೂಮಿಗೆ ₹14,700, ಸೂಟ್‌ಗೆ ₹16,520. ದಿನಕ್ಕೆ ₹1,820 ಉಳಿತಾಯ.

ಈ ಗೆರೆಯ ಹತ್ತಿರ ಎಚ್ಚರವಾಗಿರಿ. ತೆರಿಗೆ ₹7,500ರ ಮೇಲಿನ ಭಾಗಕ್ಕೆ ಮಾತ್ರವಲ್ಲ, ಪೂರ್ತಿ ಮೊತ್ತಕ್ಕೆ. ₹7,500ರ ರೂಮಿನ ಬಿಲ್ ₹7,875. ₹7,600ರ ರೂಮಿನ ಬಿಲ್ ₹8,968. ನೂರು ರೂಪಾಯಿ ಏರಿದ್ದಕ್ಕೆ ₹1,093 ಹೆಚ್ಚು! ದಸರಾ ದಿನಗಳಲ್ಲಿ ದರ ಏರುತ್ತದೆ, ಆದ್ದರಿಂದ ಪ್ರತಿ ದಿನದ ದರವನ್ನೂ ಬೇರೆಯಾಗಿ ಕೇಳಿ.

ದುಡ್ಡಿಗಿಂತ ಮುಖ್ಯವಾದದ್ದು ಬಚ್ಚಲು. ಸಾಮಾನ್ಯವಾಗಿ ಸೂಟ್‌ನಲ್ಲಿ ಸ್ನಾನದ ಮನೆ ಒಂದೇ, ಇದ್ದರೆ ಹಾಲ್ ಪಕ್ಕದಲ್ಲಿ ಒಂದು ಚಿಕ್ಕ ಟಾಯ್ಲೆಟ್. ಜಂಬೂಸವಾರಿಯ ದಿನ ಐದು ಜನ ಒಂದೇ ಬಚ್ಚಲಿಗೆ ಸಾಲು ನಿಲ್ಲಬೇಕಾಗುತ್ತದೆ. ಹಾಲ್‌ನಲ್ಲಿ ಮಲಗುವವರಿಗೆ ಕೊಡುವುದು ಸೋಫಾ ಕಮ್ ಬೆಡ್. ಅದರ ಹಾಸಿಗೆ ತೆಳು, ನಡುವೆ ಮಡಿಕೆಯ ಕಂಬಿ ಬೆನ್ನಿಗೆ ಒತ್ತುತ್ತದೆ, ನೆಲಕ್ಕೆ ಹತ್ತಿರ ಇರುವುದರಿಂದ 72 ವರ್ಷದವರಿಗೆ ಏಳುವುದು ಕಷ್ಟ. ಅತ್ತೆಯವರನ್ನು ಅಲ್ಲಿ ಮಲಗಿಸಬೇಡಿ.

ಎರಡು ರೂಮೇ ತೆಗೆದುಕೊಳ್ಳಿ, ಕೇಳುವಾಗ ‘ಕನೆಕ್ಟಿಂಗ್ ರೂಮ್’ ಎಂದೇ ಕೇಳಿ. ಅಡ್ಜೇಸೆಂಟ್ ಎಂದರೆ ಅಕ್ಕಪಕ್ಕದ ರೂಮು ಅಷ್ಟೆ, ರಾತ್ರಿ ಅತ್ತೆ ಕರೆದರೆ ನೀವು ಕಾರಿಡಾರ್ ಸುತ್ತಿ ಹೋಗಬೇಕು. ಕನೆಕ್ಟಿಂಗ್ ಎಂದರೆ ಒಳಗೇ ಬಾಗಿಲು. ಬುಕಿಂಗ್ ಆ್ಯಪ್‌ನಲ್ಲಿ ಬರೆದ ಕೋರಿಕೆಯನ್ನು ನೆಚ್ಚಿ ಕೂರಬೇಡಿ. ಹೋಟೆಲಿಗೇ ಫೋನ್ ಮಾಡಿ, ‘ಖಚಿತ’ ಎಂದು ಇಮೇಲ್ ತರಿಸಿಕೊಳ್ಳಿ, ಹಿಂದಿನ ದಿನ ಮತ್ತೊಮ್ಮೆ ನೆನಪಿಸಿ. ಒಂದರಲ್ಲಿ ಅತ್ತೆ ಮತ್ತು ದೊಡ್ಡ ಮಗು, ಇನ್ನೊಂದರಲ್ಲಿ ನೀವಿಬ್ಬರು ಮತ್ತು ಚಿಕ್ಕದು. ಬಾಗಿಲು ತೆರೆದಿಟ್ಟರೆ ನಿಮಗೆ ಸೂಟೇ ಸಿಕ್ಕಂತೆ, ಜೊತೆಗೆ ಇನ್ನೊಂದು ಬಚ್ಚಲು.

ಮನೆಯಲ್ಲಿ ಎಂಟು ತಿಂಗಳ ಕೂಸಿದ್ದು, ಏಳಕ್ಕೆ ಅದನ್ನು ಮಲಗಿಸಿ ನೀವು ದೀಪ ಹಾಕಿಕೊಂಡು ಊಟ ಮಾಡಬೇಕಿದ್ದರೆ ನಮ್ಮ ಉತ್ತರ ಸೂಟ್ ಎಂದಿರುತ್ತಿತ್ತು.

ಪ್ರಶ್ನೆ: ಕೆಲಸದ ಮೇಲೆ ಹೋದಾಗ ಚೆಕ್-ಇನ್ ಕೌಂಟರ್‌ನಲ್ಲಿ ‘ಬರೀ 6,000 ಹೆಚ್ಚು ಕೊಡಿ ಸರ್, ಸೂಟ್ ಕೊಡುತ್ತೇವೆ’ ಎನ್ನುತ್ತಾರೆ. ಒಪ್ಪಬಹುದೆ?
– ಬೆಂಗಳೂರಿನ ಓದುಗರು

ಉತ್ತರ: ಮೊದಲು ತೆರಿಗೆ ಸೇರಿಸಿ ನೋಡಿ. ನಿಮ್ಮ ರೂಮು ₹7,000 ಇದ್ದರೆ ಬಿಲ್ ₹7,350. ₹13,000ಕ್ಕೆ ಏರಿದರೆ ಶೇ 18 ಸೇರಿ ₹15,340. ನೀವು ನಿಜವಾಗಿ ಕೊಡುವ ಹೆಚ್ಚುವರಿ ₹7,990. ಅದು ಪ್ರತಿ ರಾತ್ರಿಗೋ, ಇಡೀ ವಾಸಕ್ಕೋ ಎಂಬುದನ್ನೂ ಆಗಲೇ ಕೇಳಿ.

ಆಮೇಲೆ ‘ಹಾಲ್‌ಗೂ ಬೆಡ್‌ರೂಮಿಗೂ ನಡುವೆ ಗೋಡೆ ಇದೆಯೆ?’ ಎನ್ನಿ. ಜೂನಿಯರ್ ಸೂಟ್ ಎಂಬ ಹೆಸರಿನಲ್ಲಿ ಕೊಡುವುದು ಬಹಳ ಕಡೆ ಸೋಫಾ ಹಾಕಿದ ಒಂದೇ ದೊಡ್ಡ ರೂಮು. ಎರಡರ ವಿಸ್ತೀರ್ಣವನ್ನೂ ಚದರಡಿಯಲ್ಲಿ ಕೇಳಿ, ಚದರ ಮೀಟರ್‌ನಲ್ಲಿ ಹೇಳಿದರೆ 10.76ರಿಂದ ಗುಣಿಸಿ. 300 ಚದರಡಿಯಿಂದ 400ಕ್ಕೆ ಹೋಗಲು ಅಷ್ಟು ದುಡ್ಡು ದಂಡ. ಮೂಲೆಯ ಸೂಟ್ ಆದರೆ ಗಾಜು ಪಶ್ಚಿಮಕ್ಕಿದೆಯೆ ನೋಡಿಕೊಳ್ಳಿ. ಮಧ್ಯಾಹ್ನದ ಬಿಸಿಲಿಗೆ ಕಾದ ಕೋಣೆ ತಣ್ಣಗಾಗಲು ಹೊತ್ತು ಹಿಡಿಯುತ್ತದೆ.

ಒಬ್ಬರೇ ಹೋಗುವವರಿಗೆ ಹೆಚ್ಚಾಗಿ ಲಾಭವಾಗುವುದು ಕ್ಲಬ್ ರೂಮು. ಲೌಂಜ್‌ನಲ್ಲಿ ತಿಂಡಿ, ಸಂಜೆಯ ಉಪಾಹಾರ, ಕೂತು ಮಾತಾಡಲು ಜಾಗ ಇರುತ್ತದೆ. ಎಲ್ಲ ಸೂಟ್‌ಗಳಿಗೂ ಲೌಂಜ್ ಸೇರಿರುವುದಿಲ್ಲ. ಆದರೆ ರೂಮಿನಲ್ಲೇ ನಾಲ್ಕು ಜನರ ಜೊತೆ ಮೀಟಿಂಗ್ ಇದ್ದರೆ ಸೂಟ್ ಒಪ್ಪಿಕೊಳ್ಳಿ, ಬಂದವರು ಹಾಸಿಗೆಯ ಅಂಚಿನಲ್ಲಿ ಕೂರುವುದು ಸರಿಯಲ್ಲ.

ಪ್ರಶ್ನೆ: ಮಗಳ ಮದುವೆ ಹೋಟೆಲ್‌ನಲ್ಲೇ. ಮದುಮಗಳಿಗೆ ಸೂಟ್ ಬೇಕೇ ಬೇಕೆ?
– ಬೆಳಗಾವಿಯ ಓದುಗರು

ಉತ್ತರ: ಬೇಕು, ಇಲ್ಲಿ ಜಿಪುಣತನ ಮಾಡಬೇಡಿ. ಮೇಕಪ್‌ನವರು, ಸೀರೆ ಉಡಿಸುವವರು, ಫೋಟೊದವರು, ಅತ್ತಿಗೆ, ಚಿಕ್ಕಮ್ಮ ಎಲ್ಲ ಹಾಲ್‌ನಲ್ಲಿ ಇರುವಾಗ ಹುಡುಗಿ ಒಳಗೆ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಮಲಗಬೇಕು. ಆ ಬಾಗಿಲಿಗೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ.

ಬುಕಿಂಗ್ ಹಿಂದಿನ ರಾತ್ರಿಯಿಂದಲೇ ಇರಲಿ. ಹತ್ತು ಗಂಟೆಯ ಮುಹೂರ್ತಕ್ಕೆ ನಸುಕಿನ ಐದಕ್ಕೇ ಮೇಕಪ್ ಶುರುವಾಗುತ್ತದೆ, ಮಧ್ಯಾಹ್ನ 2ರ ಚೆಕ್-ಇನ್ ಉಪಯೋಗಕ್ಕೆ ಬಾರದು. ಕಿಟಕಿಯ ಹತ್ತಿರ ಎರಡು ಪ್ಲಗ್ ಪಾಯಿಂಟ್, ಉದ್ದ ಕನ್ನಡಿ, ಇಸ್ತ್ರಿ ಮೇಜು ಇವೆಯೇ ಎಂದು ಒಂದು ವಾರ ಮುಂಚೆ ಹೋಗಿ ನೋಡಿ ಬನ್ನಿ. ಅರಿಶಿನ ಶಾಸ್ತ್ರವನ್ನು ಆ ಕೋಣೆಯಲ್ಲಿ ಮಾಡಬೇಡಿ. ಬಿಳಿ ಹಾಸು, ಟವೆಲ್, ಸೋಫಾಕ್ಕೆ ಹತ್ತಿದ ಅರಿಶಿನ ಹೋಗುವುದಿಲ್ಲ, ಬಿಲ್ಲಿಗೆ ಸೇರುತ್ತದೆ. ಧೂಪ, ಕರ್ಪೂರದ ಆರತಿಯಿಂದ ಹೊಗೆಯ ಅಲಾರಂ ಕೂಗುತ್ತದೆ. ಎರಡಕ್ಕೂ ಹುಲ್ಲುಹಾಸೋ ತೆರೆದ ತಾರಸಿಯೋ ಕೇಳಿ, ಮದುವೆ ಪ್ಯಾಕೇಜಿನ ಕರಾರಿನಲ್ಲೇ ಬರೆಸಿಕೊಳ್ಳಿ.