ನಾಲ್ಕು ಇಮೇಲ್, ಎರಡು ಕಂಪ್ಯೂಟರ್, ಒಂದು ಫೋನ್: ಎಲ್ಲ ಕಡೆ ಒಂದೇ ಥರ ಕಾಣಬೇಕಾದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಕುಶಾಲನಗರದ ಅಂಗಡಿಯಲ್ಲಿ ಒಂದು ಕಂಪ್ಯೂಟರ್, ಸುಂಟಿಕೊಪ್ಪದ ಹತ್ತಿರ ತೋಟದ ಮನೆಯಲ್ಲಿ ಲ್ಯಾಪ್‌ಟಾಪ್, ಜೇಬಿನಲ್ಲಿ ಫೋನ್. ಇಮೇಲ್ ನಾಲ್ಕು: ಸ್ವಂತದ್ದು, ಅಂಗಡಿಯದ್ದು, ಹೋಂಸ್ಟೇಯದ್ದು, ಕಾಲೇಜು ಕಾಲದ ಹಳೆಯ ಜಿಮೇಲ್. ಅಂಗಡಿಯಲ್ಲಿ ಓದಿದ ಮೇಲ್ ಫೋನಿನಲ್ಲಿ ಓದದ ಹಾಗೇ ಕಾಣುತ್ತದೆ. ಕೆಲವು ಮೇಲ್ ಮನೆಗೆ ಬರುವಷ್ಟರಲ್ಲಿ ಮಾಯ. ಎಲ್ಲದಕ್ಕೂ ಸೇರಿ ಒಂದು ಒಳ್ಳೆಯ ಆ್ಯಪ್ ಹೇಳಿ ಅಂದಿದ್ದೀರಿ.

ಆ್ಯಪ್ ಆಮೇಲೆ ನೋಡೋಣ. ಮೊದಲು ಅಂಗಡಿಯ ಕಂಪ್ಯೂಟರ್ ನೋಡೋಣ. ಮೇಲ್ ಮಾಯವಾಗುತ್ತಿದೆ ಅಂದರೆ ಅಲ್ಲಿ ಅಕೌಂಟನ್ನು ಯಾರೋ ಪಾಪ್ (POP) ಅಂತ ಸೆಟ್ ಮಾಡಿಟ್ಟಿರುವ ಸಾಧ್ಯತೆಯೇ ಜಾಸ್ತಿ. ಮೇಲ್ ತರಿಸಿಕೊಳ್ಳುವ ವಿಧಾನ ಎರಡು, ಪಾಪ್ ಮತ್ತು ಐಮ್ಯಾಪ್ (IMAP). ತೋಟದ ಚೆಕ್‌ರೋಲ್ ಪುಸ್ತಕ, ಅಂದರೆ ಆಳುಗಳ ಹಾಜರಿ ಪುಸ್ತಕ ನೆನಪಿಸಿಕೊಳ್ಳಿ. ಪುಸ್ತಕ ಆಫೀಸಿನಲ್ಲೇ ಇದ್ದು ರೈಟರ್, ಮಾಲೀಕರು ಎಲ್ಲರೂ ಅದನ್ನೇ ನೋಡಿದರೆ ಅದು ಐಮ್ಯಾಪ್. ಒಬ್ಬರು ಹಾಳೆ ಹರಿದುಕೊಂಡು ಮನೆಗೆ ಹೋದರೆ ಅದು ಪಾಪ್. ಪಾಪ್ ಮೇಲನ್ನು ಆ ಕಂಪ್ಯೂಟರಿಗೆ ಇಳಿಸಿಕೊಂಡು ಸರ್ವರಿನಿಂದ, ಅಂದರೆ ಮೇಲ್ ಕಂಪನಿಯ ಕಂಪ್ಯೂಟರಿನಿಂದ, ಅಳಿಸಿಬಿಡುತ್ತದೆ. ಸೆಟ್ಟಿಂಗ್ ಹೇಗಿದೆ ಅನ್ನುವುದರ ಮೇಲೆ ತಕ್ಷಣ ಅಳಿಸಬಹುದು, ಕೆಲವು ದಿನ ಬಿಟ್ಟು ಅಳಿಸಬಹುದು. ಅಳಿಸದಿದ್ದರೂ, ಓದಿದ್ದು ಯಾವುದು, ಕಳಿಸಿದ್ದು ಯಾವುದು ಅನ್ನುವ ಲೆಕ್ಕ ಬೇರೆ ಕಡೆಗೆ ಹೋಗುವುದೇ ಇಲ್ಲ.

ಅಂಗಡಿಯಲ್ಲಿ ಮೇಲ್ ನೋಡುವ ಪ್ರೋಗ್ರಾಂ ಥಂಡರ್‌ಬರ್ಡ್ ಆದರೆ ಅಕೌಂಟ್ ಸೆಟ್ಟಿಂಗ್ಸ್ ಒಳಗೆ ಸರ್ವರ್ ಸೆಟ್ಟಿಂಗ್ಸ್ ತೆರೆಯಿರಿ. ಸರ್ವರ್ ಟೈಪ್ ಅಂತ ಮೇಲುಗಡೆಯೇ ಬರೆದಿರುತ್ತದೆ. ಪಾಪ್ ಅಂತ ಇದ್ದರೆ ಅದನ್ನೇ ಐಮ್ಯಾಪ್ ಆಗಿ ಬದಲಿಸಲು ಬರುವುದಿಲ್ಲ. ಅದೇ ವಿಳಾಸವನ್ನು ಹೊಸದಾಗಿ ಐಮ್ಯಾಪ್ ಅಂತ ಇನ್ನೊಂದು ಸಲ ಸೇರಿಸಬೇಕು. ಜಿಮೇಲ್ ಆದರೆ ಗೂಗಲ್ಲಿನ ಲಾಗಿನ್ ಪುಟ ತಾನಾಗಿ ತೆರೆದುಕೊಳ್ಳುತ್ತದೆ. ವಿಳಾಸದಲ್ಲಿ @ ಆದ ಮೇಲೆ ಹೋಂಸ್ಟೇ ಹೆಸರೇ ಇರುವ ಸ್ವಂತ ಡೊಮೇನ್ ಆದರೆ ಸರ್ವರಿನ ಹೆಸರು ಹೋಸ್ಟಿಂಗ್‌ನವರ ಹತ್ತಿರ, ಅಂದರೆ ಆ ಮೇಲ್ ನಡೆಸಿಕೊಡುವ ಕಂಪನಿಯ ಹತ್ತಿರ ಕೇಳಬೇಕು. ಅಲ್ಲೇ ಕೇಳುವ ಪೋರ್ಟ್ ನಂಬರ್ ಮಾತ್ರ ಸಾಮಾನ್ಯವಾಗಿ ಐಮ್ಯಾಪಿಗೆ 993, ಕಳಿಸುವುದಕ್ಕೆ 465 ಅಥವಾ 587.

ಈಗ ಎಡಗಡೆ ಒಂದೇ ವಿಳಾಸ ಎರಡು ಸಲ ಕಾಣುತ್ತದೆ, ಗಾಬರಿ ಬೇಡ. ಹಳೆಯ ಪಾಪ್ ಇನ್‌ಬಾಕ್ಸಿನಲ್ಲಿ ಸಿಕ್ಕಿಕೊಂಡಿರುವ ಮೇಲ್‌ಗಳನ್ನು ಹೊಸದರ ಒಂದು ಫೋಲ್ಡರಿಗೆ ಕಾಪಿ ಮಾಡಿ. ಮೂವ್ ಬೇಡ, ಕಾಪಿಯೇ ಮಾಡಿ. ನೂರು ಇನ್ನೂರರ ಹಾಗೆ ಆರಿಸಿಕೊಳ್ಳಿ, ಸಾವಿರಗಟ್ಟಲೆ ಒಟ್ಟಿಗೆ ಎಳೆಯಬೇಡಿ. ಇದು ಅಪ್‌ಲೋಡ್ ಕೆಲಸ, ಲೈನ್ ಮಧ್ಯದಲ್ಲಿ ಹೋದರೆ ಎಲ್ಲಿಯವರೆಗೆ ಹೋಯಿತು ಅಂತ ಹುಡುಕುವುದೇ ಒಂದು ಗೋಳು. ಅದಕ್ಕೇ ತೋಟದ ಮನೆಗಿಂತ ಅಂಗಡಿಯಲ್ಲಿ ಕೂತು ಮಾಡುವುದು ವಾಸಿ. ಕಾಪಿ ಆದ ಮೇಲೆ ಫೋನಿನಲ್ಲಿ ಆ ಹಳೆಯ ಮೇಲ್‌ಗಳು ತೆರೆಯುತ್ತವಾ, ಅಟ್ಯಾಚ್‌ಮೆಂಟ್ ಬರುತ್ತದಾ ನೋಡಿ. ಬಂದರೆ ಮಾತ್ರ ಪಾಪ್ ಅಕೌಂಟ್ ತೆಗೆದುಹಾಕಿ. ಅಷ್ಟರವರೆಗೆ ಅದು ಹೊಸ ಮೇಲ್ ಎಳೆಯದ ಹಾಗೆ, ತಾನಾಗಿ ಮೇಲ್ ಚೆಕ್ ಮಾಡುವ ಟಿಕ್‌ಗಳನ್ನು ಮೊದಲೇ ತೆಗೆದುಬಿಡಿ.

ಒಂದು ಮಾತು. ಐಮ್ಯಾಪಿನಲ್ಲಿ ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಅಳಿಯುತ್ತದೆ. ಫೋನಿನಲ್ಲಿ ಜಾಗ ಆಗಲಿ ಅಂತ ಸುಮ್ನೆ ಡಿಲೀಟ್ ಒತ್ತಬೇಡಿ.

ಇನ್ನು ನಾಲ್ಕು ಅಕೌಂಟೂ ಮೂರು ಕಡೆಯೂ ಇರಬೇಕಾ? ನನ್ನ ಪ್ರಕಾರ ಬೇಡ. ನಾನು ಸಿದ್ದಾಪುರ ಕಡೆಯ ಒಂದು ತೋಟದ ಲೆಕ್ಕ ನೋಡಿಕೊಳ್ಳುತ್ತೇನೆ, ಮನೆಯಲ್ಲಿ ಹೋಂಸ್ಟೇಯೂ ಇದೆ. ತೋಟದ ಆಫೀಸಿನ ಕಂಪ್ಯೂಟರಿನಲ್ಲಿ ತೋಟದ ಮೇಲ್ ಬಿಟ್ಟು ಬೇರೆ ಯಾವುದೂ ಇಲ್ಲ. ಹತ್ತು ಜನ ಬಂದು ಕೂರುವ ಕಂಪ್ಯೂಟರಿನಲ್ಲಿ ಸ್ವಂತ ಮೇಲ್ ಯಾಕೆ ಅಲ್ವಾ? ಮನೆಯ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಇವೆ. ಫೋನಿನಲ್ಲೂ ಇವೆ, ಆದರೆ ಸದ್ದು ಮಾಡುವುದು ಹೋಂಸ್ಟೇಯದ್ದು ಒಂದೇ. ಶನಿವಾರಕ್ಕೆ ರೂಮು ಕೇಳಿದವರಿಗೆ ಸೋಮವಾರ ಉತ್ತರ ಕೊಟ್ಟು ಏನು ಪ್ರಯೋಜನ? ಮಿಕ್ಕವು ಸಂಜೆ ನೋಡಿದರೆ ಸಾಕು. ಜಿಮೇಲ್ ಆ್ಯಪಿನಲ್ಲಿ ಪ್ರತಿ ಅಕೌಂಟಿಗೂ ನೋಟಿಫಿಕೇಶನ್ ಬೇರೆ ಬೇರೆ ಇಡಬಹುದು. ಬೇರೆ ಕಂಪನಿಯ ಮೇಲನ್ನೂ ಅದೇ ಆ್ಯಪಿಗೆ ಸೇರಿಸಬಹುದು. ಆಂಡ್ರಾಯ್ಡ್ ಆದರೆ ಥಂಡರ್‌ಬರ್ಡ್ ಕೂಡ 2024ರಿಂದ ಫೋನಿಗೆ ಬಂದಿದೆ. ಎರಡರಲ್ಲಿ ಯಾವುದಾದರೂ ಆದೀತು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಎಲ್ಲ ಒಟ್ಟಿಗೆ ಇದ್ದರೆ ಬರುವ ತೊಂದರೆ ಒಂದೇ, ಅಂಗಡಿಯ ಉತ್ತರ ಸ್ವಂತ ವಿಳಾಸದಿಂದ ಹೋಗುವುದು. ಪ್ರತಿ ಅಕೌಂಟಿಗೂ ಬೇರೆ ಸಿಗ್ನೇಚರ್, ಅಂದರೆ ಮೇಲಿನ ಕೊನೆಗೆ ತಾನಾಗಿ ಬರುವ ಸಾಲು, ಹಾಕಿಡಿ. ಸ್ವಂತದ್ದಕ್ಕೆ ಬರೀ ಹೆಸರು, ಅಂಗಡಿಯದ್ದಕ್ಕೆ ಅಂಗಡಿ ಹೆಸರು, ಜಿಎಸ್‌ಟಿ ನಂಬರ್. ಬರೆಯುವಾಗ ಕೆಳಗೆ ಕಣ್ಣು ಹಾಯಿಸಿದರೆ ಯಾವ ವಿಳಾಸದಿಂದ ಹೋಗುತ್ತಿದೆ ಅಂತ ಗೊತ್ತಾಗಿಬಿಡುತ್ತದೆ.

ನೀವು ಕೇಳದಿದ್ದರೂ ನಮ್ಮ ಊರಿನವರಿಗೆ ಹೇಳಲೇಬೇಕಾದ ವಿಷಯ ಒಂದಿದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಕೈಕೊಡುತ್ತದೆ. ಮನೆಯ ವೈಫೈ ಇನ್ವರ್ಟರಿನಲ್ಲಿ ಓಡುತ್ತಿರುತ್ತದೆ, ಫೋನಿಗೆ ಮಾತ್ರ ಸಿಗ್ನಲ್ ಇಲ್ಲ. ಆಗ ಹೊಸ ಕಂಪ್ಯೂಟರಿನಲ್ಲಿ ಲಾಗಿನ್ ಆಗಲು ಹೋದರೆ ಓಟಿಪಿ ಎಸ್‌ಎಂಎಸ್ ಬರುವುದೇ ಇಲ್ಲ. ಅಂಗಳದ ತುದಿಗೆ, ಗೇಟಿನ ಹತ್ತಿರ ಕೊಡೆ ಹಿಡಿದುಕೊಂಡು ಓಡುವುದು ಎಷ್ಟು ಸಲ ಅಂತ? ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ. 30 ಸೆಕೆಂಡಿಗೊಮ್ಮೆ ಬದಲಾಗುವ 6 ಅಂಕಿಯ ಕೋಡನ್ನು ಅದು ಫೋನಿನೊಳಗೇ ತಯಾರಿಸುತ್ತದೆ, ಸಿಗ್ನಲ್ಲೂ ಬೇಡ, ನೆಟ್ಟೂ ಬೇಡ. ಫೋನಿನ ಗಡಿಯಾರ ಸರಿಯಿದ್ದರೆ ಆಯಿತು. ಜೊತೆಗೆ ಗೂಗಲ್ 10 ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ 8 ಅಂಕಿಯದ್ದು, ಒಂದನ್ನು ಒಂದೇ ಸಲ ಬಳಸಬಹುದು. ಅವನ್ನು ಪ್ರಿಂಟ್ ತೆಗೆದು ತೋಟದ ಪತ್ರಗಳಿರುವ ಬೀರುವಿನಲ್ಲಿಡಿ. ಫೋನೇ ನೀರಿಗೆ ಬಿದ್ದರೂ ಆಗ ದಾರಿ ಇರುತ್ತದೆ.

ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ಬದಲು ಥಂಡರ್‌ಬರ್ಡ್ ಇಟ್ಟುಕೊಳ್ಳಿ ಅನ್ನುವುದೂ ಇದಕ್ಕೇ. ಮೇಲ್‌ಗಳ ಒಂದು ಪ್ರತಿ ಡಿಸ್ಕಿನಲ್ಲೂ ಇರುತ್ತದೆ. ನೆಟ್ ಇಲ್ಲದಿದ್ದರೂ ಹಳೆಯ ಬಿಲ್ ಹುಡುಕಬಹುದು, ಉತ್ತರ ಬರೆದು ಔಟ್‌ಬಾಕ್ಸಿಗೆ ಹಾಕಿ ಲೈನ್ ಬಂದ ಮೇಲೆ ಕಳಿಸಬಹುದು. ಎಲ್ಲ ಮೇಲೂ ಸೇರಿರುವ ಜಿಮೇಲಿನ ಆಲ್ ಮೇಲ್ ಫೋಲ್ಡರಿನಿಂದಾಗಿ ಥಂಡರ್‌ಬರ್ಡಿನಲ್ಲಿ ಒಂದೇ ಮೇಲ್ ಎರಡೆರಡು ಸಲ ಕಾಣುತ್ತದೆ. ಕಿರಿಕಿರಿಯಾದರೆ ಆ ಫೋಲ್ಡರನ್ನು ಅನ್‌ಸಬ್‌ಸ್ಕ್ರೈಬ್ ಮಾಡಿ, ಪಟ್ಟಿಯಲ್ಲಿ ಕಾಣುವುದಿಲ್ಲ.

ಜಾಗದ ವಿಷಯ. ಗೂಗಲ್ಲಿನ ಬಿಟ್ಟಿ 15 ಜಿಬಿ ಮೇಲಿಗೆ ಮಾತ್ರ ಅಲ್ಲ, ಡ್ರೈವ್ ಮತ್ತು ಫೋಟೋಸ್‌ಗೂ ಸೇರಿ. ಕಾಫಿ ಹೂವಿನ ಫೋಟೋ, ವಿಡಿಯೋ ಎಲ್ಲ ಹೋಂಸ್ಟೇ ಅಕೌಂಟಿಗೇ ಬ್ಯಾಕಪ್ ಆಗುತ್ತಿದ್ದರೆ ಒಂದು ದಿನ ಅದು ತುಂಬುತ್ತದೆ. ತುಂಬಿದರೆ ಬುಕಿಂಗ್ ಮೇಲ್ ಬರುವುದು ನಿಲ್ಲುತ್ತದೆ. ಫೋಟೋ ಬ್ಯಾಕಪ್ಪನ್ನು ಬೇರೆ ಅಕೌಂಟಿಗೆ ತಿರುಗಿಸಿ.

ಕೊನೆಯದಾಗಿ ಆ ಕಾಲೇಜು ಕಾಲದ ಜಿಮೇಲ್. ಅದನ್ನು ಎಲ್ಲೂ ಸೇರಿಸಬೇಡಿ. ಬಂದ ಮೇಲ್ ನಿಮ್ಮ ಸ್ವಂತ ವಿಳಾಸಕ್ಕೆ ಫಾರ್ವರ್ಡ್ ಆಗುವ ಹಾಗೆ ಅದರ ಸೆಟ್ಟಿಂಗ್ಸಿನಲ್ಲಿ ಮಾಡಿಡಿ. 2 ವರ್ಷ ಮುಟ್ಟದೆ ಬಿಟ್ಟ ಅಕೌಂಟನ್ನು ಗೂಗಲ್ ಅಳಿಸಬಹುದು, ಹಾಗಾಗಿ ಆಗಾಗ ಲಾಗಿನ್ ಆಗಿ. ಬ್ಯಾಂಕಿಗೋ ಇನ್‌ಕಮ್ ಟ್ಯಾಕ್ಸಿಗೋ ಆ ವಿಳಾಸ ಕೊಟ್ಟಿದ್ದರೆ ಈ ವಾರವೇ ಬದಲಿಸಿ.

ಅಂಗಡಿಯಲ್ಲಿರುವುದು ಥಂಡರ್‌ಬರ್ಡ್ ಅಲ್ಲ, ಔಟ್‌ಲುಕ್ ಆದರೆ ಯಾವ ವರ್ಷದ್ದು ಅಂತ ಕೆಳಗೆ ಬರೆಯಿರಿ. ಮೆನು ಒಂದೊಂದರಲ್ಲಿ ಒಂದೊಂದು ಥರ ಇರುತ್ತದೆ.